ಬಾಯಲ್ಲಿ ಮೊಳೆ ಇಟ್ಟುಕೊಂಡವನಿಗೆ

ಮಾವ,

ಎದುರಿಗೆ ಕೂತು ಹೇಳಬಹುದಿತ್ತು. ಆದರೆ ಸೋಫಾ ಅಂಗಡಿಯಲ್ಲಿ ನಿನ್ನ ಬಾಯಿ ತುಂಬಾ ಮೊಳೆ, ಮನೆಯಲ್ಲಿ ಬಾಯಿ ತುಂಬಾ ಬೈಗುಳ. ಮಾತಿಗೆ ಜಾಗ ಎಲ್ಲಿದೆ? ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ ಇಷ್ಟೇ.

ನಿನ್ನೆ ಮಧ್ಯಾಹ್ನ ಅರ್ಧ ಮುಗಿದ ಸೋಫಾದ ಮೇಲೆ ನಾನು ನಿದ್ದೆ ಹೋಗಿದ್ದೆ. ಕಿಟಕಿಯ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು, ಕೆಳಗಿಳಿಯುವ ಅವಸರವೇ ಇಲ್ಲದ ಹಾಗೆ. ಕನಸಲ್ಲೂ ಅದೇ ಅಂಗಡಿ, ಅದೇ ಬಿಸಿಲು. ನೀನು ನಾಲಿಗೆಯಿಂದ ಒಂದೊಂದೇ ಮೊಳೆಯನ್ನು ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ, ಬಟ್ಟೆಯ ಅಂಚಿಗೆ ಹೊಡೆಯುತ್ತಿದ್ದೆ. ಸದ್ದೇ ಇರಲಿಲ್ಲ. ಹತ್ತಿರ ಹೋಗಿ ನೋಡಿದರೆ ಅವು ಮೊಳೆಯಲ್ಲ, ನಿನ್ನ ಹಲ್ಲು. ಸೋಫಾದ ಉದ್ದಕ್ಕೂ ಬೆಳ್ಳಗೆ ಸಾಲಾಗಿ ಕೂತಿದ್ದವು. ಖಾಲಿ ಬಾಯಲ್ಲಿ ನಗುತ್ತ, ‘ಹೆಂಗಿದೆ ಫಿನಿಶಿಂಗು?’ ಅಂತ ಕೇಳಿದೆ ನೀನು. ಚೆನ್ನಾಗಿದೆ ಅಂದೆ ನಾನು. ನಿಜವಾಗಿಯೂ ಚೆನ್ನಾಗಿತ್ತು. ಅದಕ್ಕೇ ಎದ್ದ ಮೇಲೆ ಅಷ್ಟು ಸಿಟ್ಟು ಬಂತು.

ನಾನು ಕೆಲಸಕ್ಕೆ ಸೇರಿದ ದಿನ ನೀನು ನನ್ನ ಬಾಯಿಗೂ ಮೊಳೆ ಹಾಕಿ, ‘ನುಂಗಿದ್ರೆ ನಿಮ್ಮಮ್ಮಂಗೆ ಏನ್ ಹೇಳ್ಲೋ, ಹುಷಾರು’ ಅಂದಿದ್ದೆ. ಸಂಜೆ ಉಗುಳಿದರೆ ಕೆಂಪು. ‘ಮೊಳೆ ಗೀರಿದೆ, ಬಿಡು. ರಕ್ತ ಬಂದ ಕಡೆ ಬ್ರಷ್ ತಾಗಿಸ್ಬೇಡ, ತಾನೇ ಮಾಯುತ್ತೆ’ ಅಂದೆ ನೀನು. ನಾನು ನಂಬಿದೆ. ನಮ್ಮ ಕಸುಬಿನವರೆಲ್ಲ ಹೀಗೇ ಕೆಂಪು ಉಗುಳುತ್ತಾರೆ ಅಂತ ಹೆಮ್ಮೆ ಬೇರೆ.

ಆಮೇಲೆ ಹೋಟೆಲಿನವರ ಪರದೆ ಕೆಲಸ ಬಂತು. ವಾರವಿಡೀ ಬರೀ ಹೊಲಿಗೆ, ಯಾರ ಬಾಯಿಗೂ ಒಂದು ಮೊಳೆ ಹೋಗಲಿಲ್ಲ. ಆದರೂ ಬೇಸಿನ್ ಕೆಂಪು. ಅತ್ತೆ ರಕ್ತದ ಕಲೆಯಾದ ನಿನ್ನ ದಿಂಬಿನ ಕವರು ಹಿಡಿದು ಬಂದು, ‘ಏನ್ರೀ, ಈ ವಾರ ಪರದೇನ ಕಚ್ಚಿ ಕಚ್ಚಿ ಹೊಲಿದ್ರಾ?’ ಅಂತ ಕೇಳಿದಳು. ನೀನು ಟಿವಿ ಸೌಂಡು ಜಾಸ್ತಿ ಮಾಡಿದೆ.

ನಿನಗೆ ಹೇಳದೆ ನಾನು ಹಲ್ಲಿನ ಡಾಕ್ಟರ ಹತ್ತಿರ ಹೋದೆ. ‘ಮೊಳೆ ಬಾಯಿಗೆ ಹಾಕೋದು ನಿಲ್ಸು. ಆದ್ರೆ ಈ ರಕ್ತ ಮೊಳೆಯಿಂದಲ್ಲಪ್ಪ. ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿ ವಸಡು ಊದ್ಕೊಂಡಿದೆ. ನೋವು ಅಂತ ಉಜ್ಜೋದೇ ಬಿಟ್ಟಿದ್ದೀಯಲ್ಲ, ಅದೇ ತಪ್ಪು’ ಅಂದರು. ಕ್ಲೀನ್ ಮಾಡಿದರು. ಮೆತ್ತನೆ ಬ್ರಷ್ಷಿನಲ್ಲಿ, ನೋಯುವ ಕಡೆಯೇ ಮೆಲ್ಲಗೆ ಉಜ್ಜು ಅಂದರು. ಮೊದಮೊದಲು ರಕ್ತ ಬಂತು. ಒಂದು ಬೆಳಿಗ್ಗೆ ಉಗುಳಿದರೆ ಬರೀ ಬಿಳಿ ನೊರೆ. ನಲ್ಲಿ ನಿಲ್ಲಿಸುವುದನ್ನೂ ಮರೆತು, ಮೋಡ ನೋಡುವವನ ಹಾಗೆ ಅದನ್ನೇ ನೋಡುತ್ತ ನಿಂತಿದ್ದೆ. ಅಂಗಡಿಯಲ್ಲಿ ನೀನು, ‘ಓಹೋ, ಸಾಹೇಬ್ರಿಗೆ ಈಗ ಮೊಳೆ ಇಡೋಕೆ ಡಬ್ಬಿ ಬೇಕು’ ಅಂತ ಅಣಕಿಸಿದೆ.

ನಿನ್ನದು ನನ್ನಷ್ಟು ಸುಲಭವಿಲ್ಲ ಮಾವ. ಬ್ರೆಡ್ಡನ್ನು ಚಹಾದಲ್ಲಿ ನೆನೆಸಿ ಒಂದೇ ಕಡೆ ಅಗಿಯುತ್ತೀಯ. ಕೆಳಗಿನ ಹಲ್ಲನ್ನು ನಾಲಿಗೆಯಿಂದ ಅಲ್ಲಾಡಿಸಿ ನೋಡುತ್ತೀಯ. ಯಾರಿಗೂ ಕಾಣಲ್ಲ ಅಂದುಕೊಂಡಿದ್ದೀಯಾ? ಹೋದರೆ ಎಲ್ಲ ಕಿತ್ತೇ ಬಿಡುತ್ತಾರೆ ಅಂತ ನಿನಗೆ ಭಯ. ಅದನ್ನೂ ಡಾಕ್ಟರ ಹತ್ತಿರ ಕೇಳಿದೆ. ‘ಈಗ್ಲೇ ಬಂದ್ರೆ ಉಳಿಸೋಕೆ ನೋಡ್ಬಹುದು. ತಡ ಮಾಡಿದ್ರೆ ನಾನು ಕೀಳೋದೇ ಬೇಡ, ಅವೇ ಬೀಳ್ತವೆ’ ಅಂದರು.

ಶಾಲೆಯವರು ನನ್ನನ್ನು ದಂಡಪಿಂಡ ಅಂದಾಗ ಕೈಗೆ ಸುತ್ತಿಗೆ ಕೊಟ್ಟವನು ನೀನೊಬ್ಬನೇ. ನೀನು ಕಣ್ಣೆದುರೇ ಸಡಿಲವಾಗುತ್ತ ಹೋಗುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ನಾಳೆ ಕುರ್ಚಿ ಕೊಡಬೇಕಿದ್ದ ಗಿರಾಕಿ ವಕೀಲರಿಗೆ ನಾಡಿದ್ದು ಕೊಡ್ತೇವೆ ಅಂತ ಹೇಳಿಯಾಯಿತು. ಅಂಗಡಿಯ ಬೀಗದ ಕೈ ನನ್ನ ಜೇಬಲ್ಲಿದೆ, ಕೊಡಲ್ಲ. ಬೈಯುವುದಿದ್ದರೆ ದಾರಿಯುದ್ದಕ್ಕೂ ಬೈ, ಪಕ್ಕದಲ್ಲೇ ನಡೆದು ಬರುತ್ತೇನೆ. ಒಳಗೆ ಕರೆದಾಗ ಹೆದರಿಕೆಯಾದರೆ ನನ್ನ ಕೈ ಹಿಡಿದುಕೋ. ಯಾರಿಗೂ ಹೇಳಲ್ಲ.

ದೊಡ್ಡವರನ್ನು ಚಿಕ್ಕವರು ಹರಸಬಾರದೇನೋ. ಆದರೂ, ನಿನ್ನ ಹಲ್ಲು ನಿನ್ನ ಹಟದಷ್ಟೇ ಗಟ್ಟಿಯಾಗಿ ಬಾಳಲಿ.

ನಿನ್ನ ತಲೆನೋವು,
ಅಳಿಯ