ನನ್ನ ಫೈಲು ನೋಡಿದವರು

ಮಾರ್ಚ್ ೩, ಮಧ್ಯಾಹ್ನ
ಓಪಿಡಿ ಮುಗಿಯಿತು. ಇವತ್ತು ಕಣ್ಣಿನ ಪೊರೆಯವರೇ ಹೆಚ್ಚು. ಊಟಕ್ಕೆ ಮುಂಚೆ ಕಂಪ್ಯೂಟರಿನಲ್ಲಿ ನನ್ನದೇ ಫೈಲಿನ 'ನೋಡಿದವರು' ಪುಟ ತೆರೆದೆ. ಎದೆಯ ಗಂಟಿನಿಂದ ಚೂರು ತೆಗೆದು ದೊಡ್ಡಾಸ್ಪತ್ರೆಯ ಲ್ಯಾಬಿಗೆ ಕಳಿಸಿ ವಾರವಾಯಿತು. ಈಗ ನಮ್ಮದೂ ಸೇರಿ ಮೂರು ಆಸ್ಪತ್ರೆಗಳ ದಾಖಲೆಗಳೂ ಒಂದೇ ಜಾಲದಲ್ಲಿವೆ. ಯಾರು ಯಾರ ಫೈಲು ತೆರೆದರೂ ಹೆಸರು ಬೀಳುತ್ತದೆ. ನಮ್ಮಲ್ಲಿ ಎಲ್ಲರಿಗೂ ಇದನ್ನು ಕಲಿಸಿದವಳು ನಾನೇ. ಹಂಚಿಕೊಂಡರೆ ರೋಗಿಗೂ ಒಳ್ಳೆಯದು, ಸಂಶೋಧನೆಗೂ ಒಳ್ಳೆಯದು ಎಂದು ಭಾಷಣ ಬೇರೆ ಬಿಗಿದಿದ್ದೆ.

ನಾದಿನಿಯ ಹೆಸರಿದೆ. ಅದೇ ಲ್ಯಾಬಿನವಳು, ನಿಜ... ಆದರೆ ಅವಳಿಗೇಕೆ ನನ್ನ ಉಸಾಬರಿ? ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಮಾರ್ಚ್ ೪
ಇವತ್ತೂ ನಾದಿನಿಯ ಹೆಸರು ಬಿದ್ದಿದೆ. ಅವಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಅತ್ತೆಗೆ ತಿಳಿದರೆ ನೆಂಟರಿಗೆಲ್ಲ ಡಂಗುರ. ಜೊತೆಗೆ ಗುರುತಿಲ್ಲದ ಇಬ್ಬರು ಡಾಕ್ಟರುಗಳು — ಹೆಸರಿನ ಮುಂದೆ 'ಸಂಶೋಧನಾ ತಂಡ'. ನನ್ನ ಗಂಟು ಇವರ ಪ್ರಬಂಧಕ್ಕೆ ಸರಕೋ?

ಗಂಡನನ್ನು ಕೇಳಿದೆ, "ನಿನ್ನ ತಂಗಿಗೆ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ."

ಕಣ್ಣಿನ ಡಾಕ್ಟರಿಗೇ ಹೇಳುವ ಮಾತು. ಹೇಳಿ ಟಿವಿಯ ಸೌಂಡು ಜಾಸ್ತಿ ಮಾಡಿದ.

ಮಾರ್ಚ್ ೭
ಅತ್ತೆಯ ಫೋನು. "ಸುಸ್ತು ಮಾಡ್ಕೋಬೇಡಮ್ಮ." ಎಂದೂ ಇಲ್ಲದ ಅಕ್ಕರೆ. ಮೈಯೆಲ್ಲ ಉರಿದುಹೋಯಿತು. ನೇರ ಸೆಟ್ಟಿಂಗಿಗೆ ಹೋಗಿ ಫೈಲಿಗೆ ಬೀಗ ಹಾಕಿದೆ — 'ಹೊರಗಿನವರಿಗೆ ಪ್ರವೇಶವಿಲ್ಲ'. ಈಗ ಇಣುಕಲಿ ನೋಡೋಣ.

ಮಾರ್ಚ್ ೮
ಯಾರೂ ಇಲ್ಲ. ಪುಟದ ತುಂಬ ನನ್ನ ಹೆಸರೇ.

ಮಾರ್ಚ್ ೧೪, ಮಧ್ಯಾಹ್ನ
ನಾದಿನಿ ಓಪಿಡಿಗೇ ಬಂದಳು. ಬಾಗಿಲು ಹಾಕಿಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಕೇಳಿದೆ, "ಕದ್ದು ನೋಡೋಕೆ ನಾಚಿಕೆ ಆಗ್ಲಿಲ್ವಾ?"

"ಕದ್ದಲ್ಲ ಅತ್ತಿಗೆ. ಚೂರು ಬಂದಿದ್ದು ನನ್ನ ಟೇಬಲ್ಲಿಗೆ. ಮೈಕ್ರೋಸ್ಕೋಪಿಗೆ ಸ್ಲೈಡ್ ಮಾಡಿದ್ದೂ ನಾನೇ. ಅಮ್ಮಂಗೆ ಹೇಳಿದ್ದು ಅಣ್ಣ, ನಾನಲ್ಲ."

"ಮತ್ತೆ ದಿನಾ ಯಾಕೆ ತೆಗೀತಿದ್ದೆ?"

"ಆ ಇಬ್ರು ಡಾಕ್ಟ್ರು ಏನು ಬರೆದ್ರು ಅಂತ. ಇಂಥ ಗಂಟಿನ ಮೇಲೇ ಅವ್ರ ಸಂಶೋಧನೆ. ಮೂರೂ ಆಸ್ಪತ್ರೆಯವ್ರು ಸೇರಿ ಯಾವ ಚಿಕಿತ್ಸೆ ಅಂತ ತೀರ್ಮಾನ ಮಾಡ್ಬೇಕಿತ್ತು. ನಿನ್ನೆ ಮೀಟಿಂಗಲ್ಲಿ ನಿಮ್ಮ ಫೈಲು ತೆಗೆಯೋಕೇ ಆಗ್ಲಿಲ್ಲ. ಬಿಟ್ಟು ಮುಂದಿನವ್ರದ್ದು ತಗೊಂಡ್ರು. ಇನ್ನು ಮೀಟಿಂಗು ಮುಂದಿನ ತಿಂಗಳೇ. ನಾನು ಕಾಲು ಹಿಡಿದಿದ್ದಕ್ಕೆ, ಬೀಗ ತೆಗೆದ್ರೆ ಇವತ್ತು ಸಂಜೆ ನೋಡ್ತೀವಿ ಅಂದಿದ್ದಾರೆ." ಆಮೇಲೆ ಮೆಲ್ಲಗೆ, "ರಿಪೋರ್ಟ್ ಆರನೇ ತಾರೀಕೇ ಬಂದಿದೆ. ನೀವು ನೋಡ್ಲಿಲ್ವಾ?"

ನೋಡಿಲ್ಲ. ಯಾರು ನೋಡಿದರೆಂದು ದಿನವೂ ನೋಡಿದೆ. ಅದರ ಪಕ್ಕದಲ್ಲೇ ಇದ್ದ ರಿಪೋರ್ಟನ್ನು ಒಮ್ಮೆಯೂ ಒತ್ತಲಿಲ್ಲ. ಹೆದರಿಕೆ ಕಣೇ, ಎಂದೆ ಅವಳಿಗೆ. ಅವಳು ನನ್ನ ಮುಖ ನೋಡಲಿಲ್ಲ.

"ತಡ ಮಾಡೋ ಹಾಗಿಲ್ಲ ಅತ್ತಿಗೆ."

ಸಂಜೆ
ಬೀಗ ತೆಗೆದೆ. ರಿಪೋರ್ಟನ್ನೂ ಓದಿದೆ. ಕೆಟ್ಟ ಗಂಟೇ. ಓಪಿಡಿ ಖಾಲಿಯಾಗಿದೆ, ಆಯಾ ನೆಲ ಒರೆಸಿ ಹೋದಳು. ನಾದಿನಿ ಮನೆಗೆ ಹೋಗಲಿಲ್ಲ, ರೋಗಿಗಳ ಕುರ್ಚಿಯಲ್ಲಿ ಕೂತಿದ್ದಾಳೆ. ಇಬ್ಬರೂ 'ನೋಡಿದವರು' ಪುಟವನ್ನೇ ನೋಡುತ್ತಿದ್ದೇವೆ. ಹೊಸ ಹೆಸರು ಬಂದಿಲ್ಲ. ಮತ್ತೆ ಒತ್ತಿದೆ. ಇಲ್ಲ. ಆ ಇಬ್ಬರು ಡಾಕ್ಟರುಗಳಲ್ಲಿ ಒಬ್ಬರಾದರೂ ಒಮ್ಮೆ ತೆರೆದು ನೋಡಿದರೆ —