ಬಲಗಾಲಿನ ಪಟ್ಟಿ

ಫೆಬ್ರುವರಿ 20, ಗುರುವಾರ. ಮಧ್ಯಾಹ್ನ 1.15

ಗಮ್ ಒಣಗಲು ಇನ್ನೂ ಇಪ್ಪತ್ತು ನಿಮಿಷ. ಊಟ ಮಾಡಿ ಬರಬಹುದು. ಬದಲಿಗೆ ಇಲ್ಲೇ ಕೂತು ಬರೆಯುತ್ತಿದ್ದೇನೆ.

ಫುಟ್‌ವೇರ್ ಡಿಸೈನ್ ಕೋರ್ಸಿನ ಪ್ರಾಜೆಕ್ಟ್, ಹೀಲ್ಸ್ ಶೂ. ಇದು ಮೂರನೇ ಮಾಡೆಲ್. ಮೊದಲನೆಯದಕ್ಕೆ ಮೇಡಂ ಕಾಮೆಂಟ್ ಎರಡೇ ಪದ — "ದಿಂಬು ಮಾಡಿದೀಯ." ಎರಡನೆಯದಕ್ಕೆ ಅದೂ ಇಲ್ಲ. ಮೆತ್ತಗಿದ್ದರೆ ಕಂಫರ್ಟ್ ಅಂದುಕೊಂಡಿದ್ದೆ. ಫೋಮ್ ಮೇಲೆ ಫೋಮ್. ಕಾಲು ಅದರಲ್ಲಿ ಮುಳುಗಿ, ಭಾರವೆಲ್ಲ ಮುಂದೆ ಜಾರಿ ಬೆರಳ ಬುಡಕ್ಕೆ ಬೀಳುತ್ತದೆ. ಈ ಸಲ ಹಾಗಲ್ಲ. ಹಿಮ್ಮಡಿ ಕೂರುವ ಜಾಗ ಬಟ್ಟಲಿನ ಹಾಗೆ ಕುಳಿ. ಪಾದದ ಕಮಾನಿಗೆ ಕೆಳಗಿನಿಂದ ಆಸರೆ. ಎರಡೂವರೆ ಇಂಚಿನ ಹೀಲ್ ಮೇಲೂ ಭಾರ ಹಿಂದೆಯೇ ನಿಲ್ಲಬೇಕು.

ಅದನ್ನು ಹಿಡಿದು ನಿಲ್ಲಿಸುವುದು ಶ್ಯಾಂಕ್ — ಅಟ್ಟೆಯೊಳಗೆ ಹಿಮ್ಮಡಿಯಿಂದ ನಡುಪಾದದವರೆಗೆ ಕೂರುವ ಉಕ್ಕಿನ ಪಟ್ಟಿ. ಬೆರಳುದ್ದ ಅಷ್ಟೆ. ಹೊರಗೆ ಕಾಣುವುದೇ ಇಲ್ಲ.

ಅಳತೆ ಅಕ್ಕನ ಕಾಲಿನದು. ಹೋಟೆಲ್ ರಿಸೆಪ್ಷನ್‌ನಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುತ್ತಾಳೆ. ಹೀಲ್ಸ್ ಕಡ್ಡಾಯ. ರಜೆಗೆ ಅವಳ ರೂಮಿಗೆ ಹೋದಾಗೆಲ್ಲ ನೋಡಿದ್ದೇನೆ... ಬಂದ ಕೂಡಲೇ ಬಕೆಟ್‌ನಲ್ಲಿ ಕಾಲಿಟ್ಟು ಕೂರುತ್ತಾಳೆ, ಬ್ಯಾಗ್ ಇನ್ನೂ ಹೆಗಲಲ್ಲೇ.

"ಕಾಲೇಜ್ ಇಂಟರ್ವ್ಯೂನಲ್ಲಿ ನೀನು ನನ್ ಕಾಲಿನ ಗೋಳು ಹೇಳಿ ಸೀಟ್ ಹೊಡ್ಕೊಂಡೆ," ಅಂದಳು ಅಳತೆ ತೆಗೆಯುವಾಗ. "ಈಗ ಆ ಕಾಲಿಗೂ ಏನಾದ್ರೂ ಮಾಡೇ ಪುಟ್ಟಿ."

ಗಮ್ ಒಣಗಿರಬೇಕು.

ಫೆಬ್ರುವರಿ 28, ಶುಕ್ರವಾರ. ಸಂಜೆ 5

ಮುಗಿಯಿತು. ಕಪ್ಪು, ಸಾದಾ. ಅಚ್ಚಿನಿಂದ ಬಿಡಿಸಿದಾಗ ಎರಡೂ ಮೇಜಿನ ಮೇಲೆ ಅಲುಗಾಡದೆ ನಿಂತವು. ಅಳು ಬಂತು. ಯಾರೂ ನೋಡಲಿಲ್ಲ.

ಶ್ಯಾಂಕ್ ಕೂರಿಸುವಾಗ ಮಾತ್ರ ಗಡಿಬಿಡಿ. ಬಾಗು ಸರಿಯಾಗಿ ಬರಲಿ ಅಂತ ಗಟ್ಟಿ ರಟ್ಟಿನಲ್ಲಿ ಮೊದಲು ಒಂದು ಮಾದರಿ ಕತ್ತರಿಸಿಕೊಂಡಿದ್ದೆ. ಅದರ ಜೊತೆ ಎರಡು ಉಕ್ಕಿನ ಪಟ್ಟಿ. ಮೂರಕ್ಕೂ ಕಪ್ಪು ಟೇಪ್ ಸುತ್ತಿ ಸಾಲಾಗಿ ಇಟ್ಟಿದ್ದೆ. ಕೈಗೆ ದಪ್ಪ ಗ್ಲೌಸ್, ಗಮ್ ಬೇರೆ ಆರುತ್ತಿತ್ತು. ಆಚೆ ಬೆಂಚಿನಿಂದ ವರ್ಕ್‌ಶಾಪ್ ಮೇಸ್ತ್ರಿ ಹೇಳಿದರು —

"ಮುಚ್ಚೋಕ್ ಮುಂಚೆ ಮೇಜಿನ ಮೇಲೆ ಉಳಿದದ್ದನ್ನ ನೋಡ್ಕೋ ತಾಯಿ. ಒಳಗೆ ಹೋಗಿದ್ದು ಮತ್ತೆ ಕಾಣಲ್ಲ."

"ನೋಡಿದೆ ಸರ್."

ನಾಳೆ ಅಕ್ಕನಿಗೆ ಕೊಡುತ್ತೇನೆ. ಹಾಕಿಕೊಂಡು ನೋಡುವ ವೇರ್ ಟೆಸ್ಟ್ ಐದು ದಿನ, ಸೋಮವಾರದಿಂದ ಶುಕ್ರವಾರ. ಪ್ರತಿ ದಿನ ಫಾರ್ಮ್‌ನಲ್ಲಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಮಾರ್ಕ್ಸ್. ಅದರ ಮುಂದಿನ ಸೋಮವಾರ ಜ್ಯೂರಿ, ಅಂದರೆ ಪ್ರಾಜೆಕ್ಟಿನ ಪರೀಕ್ಷೆ. ಐದು ದಿನ ತುಂಬದ ಫಾರ್ಮ್ ಇದ್ದರೆ ಒಳಗೇ ಬಿಡುವುದಿಲ್ಲ — ವರ್ಷ ರಿಪೀಟ್.

ಮಾರ್ಚ್ 3, ಸೋಮವಾರ. ಸಂಜೆ 7.30

ಅಕ್ಕ ಫೋನ್ ಮಾಡಿದ್ದಳು. ಬಕೆಟ್ ಇಲ್ಲದೆ!

"ಎಡಗಡೆದು ಹೆಡ್ ಮೇಡಂ ಇದ್ದ ಹಾಗೆ. ನೆಟ್ಟಗೆ ನಿಲ್ಲು, ಬಗ್ಗಬೇಡ ಅನ್ನುತ್ತೆ. ಬಲಗಡೆದು ಅಜ್ಜಿ. ಹೇಗೆ ಇಟ್ರೂ ಹೂಂ ಅನ್ನುತ್ತೆ. ಎರಡನ್ನೂ ಅಜ್ಜಿ ಮಾಡೋಕ್ ಬರಲ್ವಾ?"

ಎಡಕ್ಕೆ ನಾಲ್ಕು, ಬಲಕ್ಕೆ ಐದು. ಐದಕ್ಕೆ ಐದು! ಕಾರಿಡಾರ್‌ನಲ್ಲಿ ಎರಡು ರೌಂಡ್ ಓಡಿದೆ.

ಒಂದೇ ಡ್ರಾಯಿಂಗ್, ಒಂದೇ ಅಳತೆ. ಬಲಗಾಲಿಗೆ ಏನು ಬೇರೆ ಮಾಡಿದೆ ನಾನು? ನೆನಪಾಗುತ್ತಿಲ್ಲ. ಮೇಡಂ ಕೇಳಿಯೇ ಕೇಳುತ್ತಾರೆ.

ಮಾರ್ಚ್ 5, ಬುಧವಾರ. ಸಂಜೆ 4.40

ಕೇಳಿದರು. "ವ್ಯತ್ಯಾಸ ಯಾಕೆ ಬಂತು? ಹುಡುಕಿ ಬರಿ."

ಹುಡುಕಲು ಟೂಲ್ ಬಾಕ್ಸ್ ತೆಗೆದೆ. ತಳದಲ್ಲಿ ಕಪ್ಪು ಪಟ್ಟಿ. ಅದೇ ರಟ್ಟಿನ ಮಾದರಿ ಅಂತ ಎತ್ತಿದೆ.

ಭಾರ.

ಉಗುರಿನಿಂದ ಟೇಪ್ ಕಿತ್ತೆ. ಉಕ್ಕು. ಬಾಕ್ಸ್ ಪೂರ್ತಿ ಸುರಿದೆ, ಡಸ್ಟ್‌ಬಿನ್ ಸುರಿದೆ. ರಟ್ಟು ಎಲ್ಲೂ ಇಲ್ಲ.

ರಟ್ಟು ಅಕ್ಕನ ಬಲಗಾಲಿನ ಕೆಳಗಿದೆ. ಅಜ್ಜಿಯಂತೆ ಹೂಂ ಅನ್ನುತ್ತಿರುವುದು ಅದು.

ಅಕ್ಕನಿಗೆ ಮೂರು ಸಲ ಫೋನ್. ತೆಗೆಯುತ್ತಿಲ್ಲ. ಡ್ಯೂಟಿಯಲ್ಲಿ ಫೋನ್ ಲಾಕರ್‌ನಲ್ಲಿರುತ್ತದೆ.

ಸಂಜೆ 7.20

"ಮೂರು ಮಿಸ್ಡ್ ಕಾಲ್. ಯಾರಿಗೇನಾಯ್ತೇ?"

"ಏನಿಲ್ಲ... ಫಾರ್ಮ್ ತುಂಬಿದ್ಯಾ ಅಂತ."

"ತುಂಬಿದೆ. ಬಲಕ್ಕೆ ಇವತ್ತೂ ಐದು. ಸಾಕಾ?"

"ಸಾಕು."

ಹೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲ್. ಅಲ್ಲಿ ಮೊದಲು ಕಲಿತದ್ದೇ ಇದು — ವಾರ್ಡನ್ ಕೇಳುವವರೆಗೆ ಬಾಯಿ ಬಿಡಬಾರದು.

ಇನ್ನು ಎರಡೇ ದಿನ. ಗಟ್ಟಿ ರಟ್ಟು. ಮೇಲೆ ಟೇಪ್, ಗಮ್, ಲೆದರ್. ತಡೆಯುತ್ತದೆ. ತಡೆಯಬೇಕು.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 12.30

ಹೋಟೆಲ್ ಹಿಂಬಾಗಿಲು, ಸ್ಟಾಫ್ ಗೇಟ್. ವಾಚ್‌ಮನ್ ಒಳಗೆ ಹೇಳಿ ಕಳಿಸಿದ್ದಾನೆ. ಕಾಯುತ್ತಿದ್ದೇನೆ. ಗೇಟಿನ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಅದೇ ರಟ್ಟಿನ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಬೆವರು ಹೀರಿದರೆ ಏನಾಗುತ್ತದೆ, ಆ ಲೆಕ್ಕ. ನೋಡೋಣ ಅಂತ. ನೋಡೋಣ — ಅಕ್ಕ ಅದರ ಮೇಲೆ ನಿಂತಿರುವಾಗ. ಇವತ್ತು ಬಿಚ್ಚಿದೆ. ಎರಡು ಬೆರಳಲ್ಲಿ ಮಡಿಚಿತು.

ಬಾಗಿಲ ಸದ್ದು.

ಮಧ್ಯಾಹ್ನ 3.30. ವರ್ಕ್‌ಶಾಪ್

ಹೋಟೆಲ್ ಹಿಂಬಾಗಿಲಿಗೆ ಅಕ್ಕ ಗೋಡೆ ಹಿಡಿದುಕೊಂಡು ಬಂದಳು. ಬಲಗಾಲು ಊರಿದಾಗ ಅಟ್ಟೆ ನಡುವೆ ಕುಸಿಯುತ್ತಿತ್ತು. ಯಾವ ಜಾಗ ಬಗ್ಗಲೇಬಾರದೋ ಅಲ್ಲೇ.

"ಬಿಚ್ಚು," ಅಂದೆ. "ಅಕ್ಕಾ, ಮೊದ್ಲು ಬಿಚ್ಚು."

ಖಾಲಿ ಕ್ರೇಟ್ ಮೇಲೆ ಕೂತಳು. ಕಣಕಾಲು ಊದಿತ್ತು.

"ನಿನ್ನೆ ಮೆಟ್ಟಿಲಲ್ಲಿ ಹೊರಳಿತು ಕಣೇ. ರೇಲಿಂಗ್ ಸಿಕ್ತು. ಇಲ್ಲಾಂದ್ರೆ ಹನ್ನೆರಡು ಮೆಟ್ಟಿಲು, ಕೆಳಗೆ ಗೆಸ್ಟ್ ಬೇರೆ. ಮುದ್ದೆ ಥರ ಅವರ ಮೇಲೇ ಬೀಳ್ತಿದ್ದೆ."

"ಫಾರ್ಮ್‌ನಲ್ಲಿ ಬರೀಲಿಲ್ವಾ?"

"ಬರೆದ್ರೆ ನಿನ್ ವರ್ಷ ಹೋಗಲ್ವಾ? ಬುಧವಾರದಿಂದ್ಲೇ ಅಲ್ಲಾಡ್ತಿತ್ತು. ಹೋಗ್ಲಿ, ಐದು ಹಾಕಣ ಅಂತ ಹಾಕ್ದೆ."

ಎಲ್ಲ ಹೇಳಿದೆ. ರಟ್ಟು, ಉಕ್ಕು, ಟೇಪ್. ಬೈಯುತ್ತಾಳೆ ಅಂದುಕೊಂಡೆ. ಕಾಲು ಒತ್ತಿಕೊಳ್ಳುತ್ತಾ ಕೇಳಿಸಿಕೊಂಡಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಇವತ್ತು," ಅಂದೆ. "ಬೆಳಿಗ್ಗೆ."

"ಗೊತ್ತಾದ ತಕ್ಷಣ ಓಡಿ ಬಂದಿದೀಯಲ್ಲೇ, ಹುಚ್ಚಿ." ನನ್ನ ಕೆನ್ನೆ ಹಿಂಡಿದಳು. ನನ್ನ ಕ್ಯಾನ್ವಾಸ್ ಶೂ ಹಾಕಿಕೊಂಡಳು. "ಕೌಂಟರ್ ಹಿಂದೆ ನಿಂತಿರ್ತೀನಿ. ಸೂಪರ್‌ವೈಸರ್ ಕಣ್ಣಿಗೆ ಕಾಲು ಬೀಳಲ್ಲ."

ಅವಳು ಬಿಚ್ಚಿದ ಜೋಡಿಯನ್ನು ಹಿಡಿದು ನಾನು ಬರಿಗಾಲಲ್ಲಿ ಬಸ್ ಹತ್ತಿದೆ.

ಮೇಸ್ತ್ರಿ ಅಟ್ಟೆ ಸೀಳಿದರು. ರಟ್ಟು ಎರಡು ತುಂಡು. ಟೇಪ್ ಒಂದೇ ಹಿಡಿದುಕೊಂಡಿತ್ತು.

"ಎಡಗಡೆದು ಚೆನ್ನಾಗಿ ಬಂದಿದೆ," ಅಂದರು. "ಡಿಸೈನ್ ತಪ್ಪಿಲ್ಲ. ಇನ್ನೊಂದು ಬಲ ಮಾಡು. ಮೇಡಂಗೆ ಇದೇ ಫಾರ್ಮ್ ಕೊಟ್ಟು ಟೈಮ್ ಕೇಳು. ಕೊಡ್ತಾರೋ ಇಲ್ವೋ, ಬರೆಯೋದನ್ನ ಮಾತ್ರ ಸರಿಯಾಗಿ ಬರಿ."

ಸಂಜೆ 6.10. ಅಕ್ಕನ ರೂಮ್

ಬಕೆಟ್‌ಗೆ ನೀರು ತುಂಬಿಟ್ಟಿದ್ದೇನೆ. ಬಿಸಿ ಹಾಕಬೇಕೋ ತಣ್ಣಗಿರಬೇಕೋ ಗೊತ್ತಿಲ್ಲ. ಊದಿದ್ದಕ್ಕೆ ತಣ್ಣಗೇ ಅನಿಸುತ್ತದೆ.

ಫಾರ್ಮ್ ಮುಂದಿದೆ. ಕೊನೆಯ ಪುಟ. ಟೆಸ್ಟ್ ನಿಲ್ಲಿಸಿದ ಕಾರಣ — ಬರೆದೆ. ಬಲ ಅಟ್ಟೆಯಲ್ಲಿ ಉಕ್ಕಿನ ಬದಲು ರಟ್ಟು, ತಯಾರಿಸಿದವರ ತಪ್ಪು. ಸುಲಭವಾಗಿ ಬರೆಯಲು ಬಂತು.

ಅದರ ಕೆಳಗೆ: ದೋಷ ತಿಳಿದ ದಿನ. ಅದರ ಕೆಳಗೆ: ಧರಿಸಿದವರ ಸಹಿ.

ಓದದೆ ಸಹಿ ಹಾಕುವವಳಲ್ಲ ಅಕ್ಕ. ರಿಸೆಪ್ಷನ್‌ನವಳು. ಮೊದಲು ನೋಡುವುದೇ ಡೇಟ್.

ಮಾರ್ಚ್ 7 ಬರೆದೆ. ತಿದ್ದಲು ಬಂದರೆ ಬರಲಿ ಅಂತ ಪೆನ್ಸಿಲ್‌ನಲ್ಲಿ. ಅಳಿಸಿದೆ. ಮತ್ತೆ 7. ಮತ್ತೆ ಅಳಿಸಿದೆ. ಪೇಪರ್ ತೆಳ್ಳಗಾಗುತ್ತಿದೆ.

ಮೆಟ್ಟಿಲಲ್ಲಿ ಸದ್ದು. ಒಂದು ಕಾಲು ಊರಿ, ಇನ್ನೊಂದು ಎಳೆದುಕೊಂಡು. ನನ್ನ ಕ್ಯಾನ್ವಾಸ್ ಶೂ.

ಪೆನ್ ತೆಗೆದುಕೊಂಡೆ. ಮಾರ್ಚ್ 5 —