ಹೊಸದೇನಿಲ್ಲ

ಜೂನ್ ೩

ಪ್ರೀತಿಯ ಅಕ್ಕಾ,

ಮೊದಲು ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತದ್ದು ನನ್ನದೇ ತಪ್ಪು. ಫೋನ್ ಮಾಡೋಣವೆಂದರೆ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಸೇರಿಸಿಕೊಳ್ಳುತ್ತೀಯ. ಹೋದ ಸಲ ನನಗೆ ನೆಗಡಿ ಎಂದೆ. ಆ ಸುದ್ದಿ ಭಾವನನ್ನು ಮುಟ್ಟುವ ಹೊತ್ತಿಗೆ ನಾನು ಆಸ್ಪತ್ರೆಗೆ ಸೇರಿಯಾಗಿತ್ತು. ಅದಕ್ಕೇ ಕಾಗದವೇ ವಾಸಿ. ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲೂ ಪೇಪರನ್ನು ಹಿಂದಿನ ಪುಟದಿಂದಲೇ ಓದುತ್ತಾರಾ?

"ಇಲ್ಲಿ ಹೊಸದೇನಿಲ್ಲ" ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೇನೆ, ನೀನು ಪ್ರತಿ ಸಲವೂ ರೇಗುತ್ತೀಯ. ಆಫೀಸಿನಲ್ಲಿ ನನಗೆ ಅದೇ ಹೆಸರು ಬಿದ್ದಿದೆ, ಗೊತ್ತಾ? ಪೇಟೆಂಟ್ ಕೇಳಿ ಬರುವ ಅರ್ಜಿಗಳಲ್ಲಿ ನಿಜಕ್ಕೂ ಹೊಸ ವಿಷಯ ಇದೆಯೇ ಎಂದು ನೋಡುವುದು ನನ್ನ ಕೆಲಸ. ಇದ್ದರೆ ಹಕ್ಕು ಅವರದು. ಇಲ್ಲದಿದ್ದರೆ "ಇದರಲ್ಲಿ ಹೊಸದೇನಿಲ್ಲ, ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುವಂಥದ್ದು" ಎಂದು ಬರೆದು ವಾಪಸು ಕಳಿಸುತ್ತೇನೆ. ಮೂವತ್ತೊಂದು ವರ್ಷದಲ್ಲಿ ಈ ವಾಕ್ಯವನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಹೊಸದೇನಿಲ್ಲ ಸಾಹೇಬರು ಎನ್ನುತ್ತಾರೆ, ಎದುರಿಗೆ ಬಂದರೆ ಸಾರ್ ಎನ್ನುತ್ತಾರೆ.

ಈ ಸಲ ಮಾತ್ರ ಬರೆಯುವಂಥ ಸುದ್ದಿ ಒಂದಿದೆ. ಬೀರು, ಬಾಗಿಲು ರಿಪೇರಿಯ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ಹೆಂಗಸೊಬ್ಬರು ಅರ್ಜಿ ಹಾಕಿದ್ದಾರೆ. ಬಾಗಿಲು ಧಡಾರನೆ ಬಡಿದುಕೊಳ್ಳದಂತೆ ತಡೆಯುವ ಸಾಧನ ಅದು. ಅರ್ಜಿ ಈಗಾಗಲೇ ಪ್ರಕಟವಾಗಿದೆ, ಹಾಗಾಗಿ ನಿನಗೆ ಹೇಳಿದರೆ ಗುಟ್ಟು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಆಕೆಯ ತಾಯಿಯ ಎರಡು ಬೆರಳು ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋದವಂತೆ, ಅಲ್ಲಿಂದ ಈ ಹುಚ್ಚು ಹಿಡಿಯಿತಂತೆ. ವಕೀಲರಿಲ್ಲ, ಏಜೆಂಟರಿಲ್ಲ. ವಿಚಾರಣೆಯ ದಿನ ಹಲಗೆಯೊಂದಕ್ಕೆ ಮೊಳದುದ್ದದ ಪುಟ್ಟ ಬಾಗಿಲು ಕೂರಿಸಿ, ಬಟ್ಟೆಯ ಚೀಲದಲ್ಲಿಟ್ಟು ತಂದಿದ್ದರು. ನನ್ನ ಮೇಜಿನ ಮೇಲಿಟ್ಟು, "ಜೋರಾಗಿ ತಳ್ಳಿ ಸಾರ್, ಮುರಿದ್ರೂ ಪರವಾಗಿಲ್ಲ" ಅಂದರು.

ತಳ್ಳಿದೆ. ಬಾಗಿಲು ಅರ್ಧ ದಾರಿಗೆ ಬಂದು ಗಕ್ಕನೆ ನಿಂತಿತು. ಒಂದು ಗಳಿಗೆ ಹಾಗೇ ಇದ್ದು, ಮೆಲ್ಲಗೆ ಹೋಗಿ ಮುಚ್ಚಿಕೊಂಡಿತು. ನನ್ನ ಕೈ ಅಲ್ಲೇ ಉಳಿಯಿತು.

ಅಕ್ಕಾ, ಅದು ಅಪ್ಪನ ಬಾಗಿಲು. ತಾವು ರಿಪೇರಿ ಕೆಲಸಕ್ಕಿದ್ದ ಆಸ್ಪತ್ರೆಯ ಎಳೆಮಕ್ಕಳ ವಾರ್ಡಿಗೆ ಅಪ್ಪ ಸೈಕಲ್ ಪಂಪಿನಿಂದ ಮಾಡಿ ಹಾಕಿದ್ದರಲ್ಲ, ಮುಚ್ಚುವ ಮುಂಚೆ ಹಿಂದೆಮುಂದೆ ನೋಡುತ್ತದೆ ಎಂದು ನರ್ಸಮ್ಮಂದಿರು ನಾಚಿಕೆ ಬಾಗಿಲು ಎನ್ನುತ್ತಿದ್ದರಲ್ಲ, ಅದೇ. ಬಿಚ್ಚಿ ತೋರಿಸಿ ಎಂದೆ. ಎಣ್ಣೆ ತುಂಬಿದ ಕೊಳವೆ, ಅದರೊಳಗೆ ಸರಿದಾಡುವ ಕಡ್ಡಿ, ಕಡ್ಡಿಯ ತುದಿಗೆ ಎರಡು ಚರ್ಮದ ಬಿಲ್ಲೆ. ಎರಡರಲ್ಲೂ ತೂತಿದೆ, ಆದರೆ ಒಂದರ ತೂತಿನ ನೇರಕ್ಕೆ ಇನ್ನೊಂದರದ್ದಿಲ್ಲ. ಮೆಲ್ಲಗೆ ತಳ್ಳಿದರೆ ಬಿಲ್ಲೆಗಳ ನಡುವಿನ ಸಂದಿಯಲ್ಲಿ ಎಣ್ಣೆ ಹರಿದು ದಾರಿ ಬಿಡುತ್ತದೆ. ರಭಸದಿಂದ ತಳ್ಳಿದರೆ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚಿ ಬಾಗಿಲನ್ನು ತಡೆದುಬಿಡುತ್ತವೆ. ರಭಸ ಇಳಿದ ಮೇಲೆ ನಡುವಿನ ಸಣ್ಣ ಸ್ಪ್ರಿಂಗು ಅವನ್ನು ಬಿಡಿಸುತ್ತದೆ. ಇಷ್ಟೇ. ಅಪ್ಪನನ್ನು ಆಕೆ ಕಂಡವರಲ್ಲ, ನಮ್ಮೂರಿನ ಕಡೆ ಕಾಲಿಟ್ಟವರೂ ಅಲ್ಲ. ತಾವಾಗಿಯೇ ಕಂಡುಕೊಂಡಿದ್ದಾರೆ.

ಆಕೆ ಹೋದ ಮೇಲೆ ಮೂರು ವಾರ ಹುಡುಕಿದೆ. ಹಳೆಯ ಅರ್ಜಿ, ಪುಸ್ತಕ, ಕಂಪನಿಗಳ ಪಟ್ಟಿ, ಯಾವ ದೇಶದ್ದನ್ನೂ ಬಿಡಲಿಲ್ಲ. ಎಲ್ಲೂ ಈ ಎರಡು ಬಿಲ್ಲೆಯ ಉಪಾಯ ಇಲ್ಲ. ಕಾಗದದ ಪ್ರಕಾರ ಆಕೆಯದು ಹೊಸದು, ಹಕ್ಕು ಕೊಡಬೇಕು. ಆದರೆ ಹತ್ತು ಜನ ಓಡಾಡುವ ಜಾಗದಲ್ಲಿ ಅದು ಮೊದಲೇ ಇತ್ತೆಂದು ಯಾರಾದರೂ ತೋರಿಸಿದರೆ ಅರ್ಜಿ ಬಿದ್ದುಹೋಗುತ್ತದೆ. ನಾನು ಬಾಯಿ ಮುಚ್ಚಿಕೊಂಡರೆ ಅಪ್ಪನ ಕೈಕೆಲಸ ಇನ್ನೊಬ್ಬರ ಹೆಸರಿಗೆ ದಾಖಲಾಗುತ್ತದೆ. ಬಾಯಿ ಬಿಟ್ಟರೆ ಏನೂ ತಪ್ಪು ಮಾಡದ ಒಬ್ಬ ಹೆಂಗಸಿನ ಹೊಟ್ಟೆ ಉರಿಸಬೇಕು. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ. ಮಂಡಿ ಕೇಳಿದರೆ ಒಂದು ಸಲ ಆಸ್ಪತ್ರೆಗೆ ಹೋಗಿ ಆ ಬಾಗಿಲು ಈಗಲೂ ಇದೆಯೇ ನೋಡಿಕೊಂಡು ಬರುತ್ತೀಯಾ?

ನಿನ್ನ ಪತ್ರದಲ್ಲಿ ಮತ್ತೆ ಅದೇ ರಾಗ ಎಳೆದಿದ್ದೀಯ. ಆಗ ನಿನ್ನ ಮಗು ಎಳೆಯದು, ನಿನಗೆ ನಿದ್ದೆಯಿಲ್ಲ, "ಅಪ್ಪಾ, ಆ ಕುಟ್ಟೋದು ನಿಲ್ಸಿ, ಸಾಕಾಗಿದೆ" ಎಂದು ನೀನು ಕೂಗಿದೆ. ಅವತ್ತಿನಿಂದ ಅಪ್ಪ ಹಿತ್ತಲ ಕೋಣೆಗೆ ಬೀಗ ಹಾಕಿದರು, ಆಸ್ಪತ್ರೆಯ ಕೆಲಸ ಬಿಟ್ಟರೆ ಸಾಯುವವರೆಗೂ ಮನೆಯಲ್ಲಿ ಸುತ್ತಿಗೆ ಮುಟ್ಟಲಿಲ್ಲ. ನಿಜ, ನಾನೂ ಅವತ್ತು ಮನೆಯಲ್ಲೇ ಇದ್ದೆ. ಹಳೆಯ ಮಾತು ಅಕ್ಕಾ, ಬಿಟ್ಟುಬಿಡು. ಎಷ್ಟು ವರ್ಷ ಅದನ್ನೇ ಮೆಲುಕು ಹಾಕುತ್ತೀಯ?

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ

ತಾ.ಕ. ಬಾಗಿಲು ಹುಡುಕುವ ಭರದಲ್ಲಿ ಏಣಿ ಹತ್ತಬೇಡ. ನಿನ್ನ ಬುದ್ಧಿ ನನಗೆ ಗೊತ್ತು.


ಜುಲೈ ೨೮

ಪ್ರೀತಿಯ ಅಕ್ಕಾ,

ಪಾರ್ಸೆಲ್ ಬಂದು ತಿಂಗಳಾಯಿತು, ಮುಟ್ಟಿತು ಎಂದು ಎರಡು ಸಾಲು ಗೀಚಲಿಲ್ಲ. ಈ ಸಲ ನೆಪ ಹೇಳುವುದಿಲ್ಲ. ಬರೆಯಲು ಧೈರ್ಯ ಸಾಲಲಿಲ್ಲ, ಅಷ್ಟೇ.

ನಿನ್ನ ಸಾಹಸವನ್ನು ಇವಳಿಗೆ ಓದಿ ಹೇಳಿದೆ. ವಾರ್ಡಿಗೆ ಈಗ ಗಾಜಿನ ಬಾಗಿಲು ಬಂದಿದೆ ಎಂದು ಕೇಳಿಯೂ ನೀನು ಮನೆಗೆ ಹೋಗಲಿಲ್ಲ. ಹಳೆಯ ಬಾಗಿಲುಗಳನ್ನು ಉಗ್ರಾಣದ ಹಿಂದೆ ಒಟ್ಟಿದ್ದಾರೆಂದು ಗೊತ್ತಾಗಿ ಅಲ್ಲಿಗೂ ಹೋದೆ. "ಮುರುಕು ಬಾಗಿಲು ನೋಡಿ ಏನ್ಮಾಡ್ತೀರಮ್ಮ?" ಎಂದು ಉಗ್ರಾಣದವರು ಕೇಳಿದರೆ, "ನಮ್ಮಪ್ಪ ಅಲ್ಲಿದಾರೆ, ನೋಡ್ಬೇಕು" ಅಂದೆಯಂತೆ. ಪಾಪ, ಆತ ಎಷ್ಟು ಹೆದರಿರಬೇಕು. ಇವಳು ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಬಾಗಿಲು ಯಾವ ವರ್ಷದಿಂದ ಯಾವ ವರ್ಷದವರೆಗೆ ವಾರ್ಡಿನಲ್ಲಿತ್ತು ಎಂದು ಆತನಿಂದ ಸಹಿ ಮಾಡಿಸಿ ಚೀಟಿ ತಂದದ್ದು ಮಾತ್ರ ದೊಡ್ಡ ಕೆಲಸ. ನೀನು ನಮ್ಮ ಆಫೀಸಿನಲ್ಲಿ ಇರಬೇಕಿತ್ತು.

ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಪೇಪರ್ ಹಾಸಿ, ನೀನು ಬಾಗಿಲಿಂದ ಕಳಚಿಸಿ ಕಳಿಸಿದ ಪಂಪನ್ನು ಬಿಚ್ಚಿದೆ. ಎಣ್ಣೆ ಡಾಂಬರಿನ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿಟ್ಟೆ. ಸಂಜೆಯ ಹೊತ್ತಿಗೆ ಬಿಲ್ಲೆಗಳು ಬಿಟ್ಟುಕೊಂಡವು. ಹಳೆಯ ಚಪ್ಪಲಿಯ ಚರ್ಮ ಅಕ್ಕಾ, ಒಂದರ ಮೇಲೆ ಹೊಲಿಗೆಯ ಗುರುತು ಇನ್ನೂ ಇದೆ. ಮುಚ್ಚಳದ ಒಳಗೆ ಅಪ್ಪ ಮೊಳೆಯಿಂದ ತಾರೀಖು ಕೆರೆದಿದ್ದರು. ಅವರ ಕೈಬರಹದ ಏಳು ಯಾವಾಗಲೂ ಒಂದರ ಹಾಗೆ ಕಾಣುತ್ತಿತ್ತಲ್ಲ, ಇಲ್ಲೂ ಹಾಗೇ ಇದೆ. ನನಗೆ ಅಲ್ಲಿ ಅಳು ಬಂತು.

"ಇನ್ನೇನು ಯೋಚನೆ, ಅಪ್ಪನ ಹೆಸರು ಬರಿ" ಎಂದು ಬರೆದಿದ್ದೀಯ. ಮೇಲಧಿಕಾರಿಯ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು, "ಅಲ್ರೀ, ಇದು ನಿಮಗೊಬ್ಬರಿಗೇ ಗೊತ್ತಿರೋದು. ಎಂಟು ತಿಂಗಳಿಗೆ ರಿಟೈರ್ ಆಗ್ತೀರಿ, ಇರೋ ಕಾಗದ ನೋಡಿ ಕೊಟ್ಬಿಡಿ, ಕೈ ತೊಳ್ಕೊಳಿ" ಅಂದರು. ಒಂದು ವಾರ ನಾನೂ ಹಾಗೇ ಅಂದುಕೊಂಡೆ. ಆದರೆ ಮುಚ್ಚಳದೊಳಗಿನ ಆ ಏಳು ಬಿಡಲಿಲ್ಲ. ಕೊನೆಗೆ ಫೈಲನ್ನು ಸಹೋದ್ಯೋಗಿಗೆ ಒಪ್ಪಿಸಿದೆ. ಸಾಕ್ಷಿ ಹೇಳುವವನೇ ತೀರ್ಪು ಬರೆಯುವಂತಿಲ್ಲವಲ್ಲ. ಈ ಸಾಧನ ನನಗೆ ಹೇಗೆ ಗೊತ್ತು, ಯಾವಾಗಿನಿಂದ ಗೊತ್ತು ಎಂದು ಎರಡು ಪುಟ ಬರೆದುಕೊಟ್ಟೆ.

ಮೊನ್ನೆ ಆಕೆಯನ್ನು ಮತ್ತೆ ಕರೆಸಿದರು. ನಾನು ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಆಕೆ ಜಗಳಕ್ಕೆ ಸಿದ್ಧರಾಗಿಯೇ ಬಂದಿದ್ದರು, ಆದರೆ ಅಪ್ಪನ ಪಂಪನ್ನು ಕೈಗೆತ್ತಿಕೊಂಡ ಮೇಲೆ ಜಗಳ ಮರೆತರು. ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು, ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಸ್ಪ್ರಿಂಗ್ ಎಲ್ಲಿಂದ ತಂದ್ರು ಇವರು?"

"ಪೆನ್ನಿಂದು ಇರಬೇಕು."

"ನಾನೂ ಮೊದಲು ಪೆನ್ನಿಂದೇ ಹಾಕಿದ್ದೆ." ಬಿಲ್ಲೆಗಳನ್ನು ಮೇಜಿನ ಮೇಲಿಟ್ಟು, "ಯಾರು ಸಾರ್ ಇವರು?"

"ನಮ್ಮಪ್ಪ."

"ಇದಾರಾ?"

"ಇಲ್ಲಮ್ಮ. ಹನ್ನೆರಡು ವರ್ಷ ಆಯ್ತು."

"ಇದ್ದಿದ್ರೆ ಒಂದ್ಸಲ ಕೂತು ಮಾತಾಡ್ಬೇಕಿತ್ತು. ಎರಡನೇ ಬಿಲ್ಲೆ ಹಾಕ್ಬೇಕು ಅಂತ ಅವರಿಗೆ ಹೇಗೆ ಹೊಳೀತು ಅಂತ ಕೇಳ್ತಿದ್ದೆ. ನನ್ನ ವರ್ಕ್‌ಶಾಪಲ್ಲಿ ಯಾರಿಗೂ ಇದು ಅರ್ಥಾನೇ ಆಗಲ್ಲ."

ಅರ್ಜಿ ಬಿದ್ದುಹೋಯಿತು. ಆಕೆ ಪುಟ್ಟ ಬಾಗಿಲನ್ನು ಚೀಲಕ್ಕೆ ಹಾಕಿಕೊಂಡು, ನನಗೂ ಸಹೋದ್ಯೋಗಿಗೂ "ಬರ್ತೀನಿ" ಎಂದು ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅಪ್ಪನ ಕೆಲಸವನ್ನು ಕಂಡು ಕಣ್ಣರಳಿಸಿದ ಮೊದಲ ಮನುಷ್ಯರು ಅವರು, ಅವರಿಗೇ ನಾವು ಬಾಗಿಲು ಹಾಕಿದೆವು. ಅಪ್ಪನ ಹೆಸರು ಈಗ ದಾಖಲೆಯಲ್ಲಿದೆ. ತಿರಸ್ಕಾರದ ಆದೇಶದ ಮೂರನೆಯ ಪುಟದಲ್ಲಿ, ಕಾರಣಗಳ ಕೆಳಗೆ. ನಕಲು ಇದರ ಜೊತೆ ಇಟ್ಟಿದ್ದೇನೆ. ಭಾವನಿಗೂ ತೋರಿಸು.

ಮಗಳಿಗೂ ಮೊಮ್ಮಗುವಿಗೂ ನನ್ನ ಆಶೀರ್ವಾದ. ಅಂದು ತೊಟ್ಟಿಲಲ್ಲಿದ್ದವಳು ಇಂದು ತಾನೇ ತೊಟ್ಟಿಲು ತೂಗುತ್ತಿದ್ದಾಳೆ, ಚೆನ್ನಾಗಿರಲಿ. ನಿನ್ನ ಆಶೀರ್ವಾದವನ್ನು ನಾನು ಕೇಳುವುದಿಲ್ಲ. ಕೆಳಗಿನದನ್ನು ಓದಿದ ಮೇಲೂ ಕೊಡಬೇಕೆನಿಸಿದರೆ ಕೊಡು.

ನಿನ್ನ ತಮ್ಮ

ತಾ.ಕ. "ನೀನು ಅದೇ ಆಫೀಸಲ್ಲಿದ್ದೂ ಅಪ್ಪ ಯಾಕೆ ಒಂದು ಮಾತು ನಿನ್ನನ್ನು ಕೇಳಲಿಲ್ಲ?" ಎಂದು ಬರೆದಿದ್ದೀಯ. ಕೇಳಿದ್ದರು ಅಕ್ಕಾ. ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದಿದ್ದರು, ಎಣ್ಣೆ ಕಲೆಯ ಅದೇ ಖಾಕಿ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಜೊತೆಯವರು ನೋಡುತ್ತಿದ್ದಾರೆಂದು ನನಗೆ ನಾಚಿಕೆ. ವರಾಂಡದಲ್ಲೇ ನಿಲ್ಲಿಸಿಕೊಂಡು, ಚೀಲ ಪೂರ್ತಿ ಬಿಚ್ಚಲೂ ಬಿಡದೆ, "ಇದರಲ್ಲಿ ಹೊಸದೇನಿಲ್ಲ ಅಪ್ಪ, ಈ ಕೆಲಸ ಗೊತ್ತಿರೋ ಯಾರಿಗಾದ್ರೂ ಹೊಳೆಯುತ್ತೆ" ಅಂದೆ. ಆ ವಾಕ್ಯವನ್ನು ಆಗಷ್ಟೇ ಕಲಿತಿದ್ದೆ. ಒಂದು ಪುಸ್ತಕ ತೆರೆದು ನೋಡಲಿಲ್ಲ. ಅಪ್ಪ ನಕ್ಕರು. "ಹೌದಾ? ನಂಗೆ ಹೊಳೆಯೋಕೆ ಆರು ವರ್ಷ ಹಿಡೀತು ಕಣೋ" ಅಂದರು. ಈಗ ಮೂರು ವಾರ ಹುಡುಕಿದೆನಲ್ಲ, ಆಗ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಅಪ್ಪನದು ಹೊಸದೇ ಆಗಿತ್ತು.

ನೀನು ಕೂಗಿದ್ದು ಅದರ ಮಾರನೆಯ ದಿನ. ರಜೆಯೆಂದು ನಾನೂ ಬಂದಿದ್ದೆ. ನೀನು ಹಜಾರದಿಂದಲೇ ಕೂಗಿದೆ, ಹಿತ್ತಲ ಕೋಣೆಯ ಬಾಗಿಲಲ್ಲಿ ನಿಂತಿದ್ದವನು ನಾನು. ಅಪ್ಪ ಅವತ್ತು ಏನನ್ನೂ ಮಾಡುತ್ತಿರಲಿಲ್ಲ ಅಕ್ಕಾ. ಮಾಡಿಟ್ಟಿದ್ದನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಒಂದೊಂದಾಗಿ ಒಡೆಯುತ್ತಿದ್ದರು. ಮೂವತ್ತೊಂದು ವರ್ಷ ಇದನ್ನು ನೀನು ನಿನ್ನ ತಲೆಗೆ ಕಟ್ಟಿಕೊಂಡೆ, ನಾನು ಕಟ್ಟಿಕೊಳ್ಳಲು ಬಿಟ್ಟೆ. ನಿನ್ನ ದನಿ ಕೇಳಿದಾಗ ಇನ್ನೊಂದೇ ಒಂದು ಉಳಿದಿತ್ತು. ಅಪ್ಪ ನನ್ನ ಮುಖ ನೋಡಲಿಲ್ಲ. "ಹೌದು, ಮಗು ಮಲಗಿದೆ" ಎಂದು ಸುತ್ತಿಗೆ ಕೆಳಗಿಟ್ಟು, ಆ ಕೊನೆಯದನ್ನು ಸದ್ದಾಗದ ಹಾಗೆ ಕೈಯಲ್ಲೇ ಬಿಚ್ಚತೊಡಗಿದರು.